ಲಕ್ವ ಹೊಡೆದವರ ತೋಳಿಗೆ ಬಿಪಿ ಪಟ್ಟಿ: ಯೋಜನೆ ಬೇಡ, ಮೊದಲು ಪರೀಕ್ಷೆ ಮಾಡಿಸಿ

ಮಾನ್ಯ ಆರೋಗ್ಯ ಸಚಿವರಿಗೆ,
ನಮಸ್ಕಾರಗಳು.

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಮರಳಿದವರ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಮಿದುಳಿಗೆ ಆಗುವ ಹಾನಿಯೆಲ್ಲ ಆಗಿ ಮುಗಿದ ಮೇಲೆ ನನಗೆ ಕರೆ ಬರುತ್ತದೆ. ಹಾನಿ ಆಗುತ್ತಿರುವಾಗಲೇ ಮಾಡಬಹುದಾದ ಒಂದು ಕೆಲಸದ ಬಗ್ಗೆ ಈ ಪತ್ರ.

ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸ್ಕ್ಯಾನ್ ಆದ ಮೇಲೆ ಕೊಡಬೇಕು. ನಿಮ್ಹಾನ್ಸ್ ಇರುವ ಬೆಂಗಳೂರಿನಲ್ಲೇ ಎಷ್ಟೋ ಜನ ಆ ಗಡುವು ದಾಟಿಸಿಕೊಂಡು ಬರುತ್ತಾರೆ. ಟ್ರಾಫಿಕ್ಕನ್ನಷ್ಟೇ ದೂರುವಂತಿಲ್ಲ, 'ಬೆಳಗಾಗಲಿ, ನೋಡೋಣ' ಎಂದು ಮಲಗಿದವರೂ ನಾಟಿ ಔಷಧಿಗೆ ಹೋಗಿ ಬಂದವರೂ ಇದ್ದಾರೆ.

ಈಗ ಸಂಶೋಧಕರು ನೋಡುತ್ತಿರುವ ಉಪಾಯ ಬಲು ಸರಳ. ಬಿಪಿ ನೋಡುವಂಥ ಪಟ್ಟಿಯನ್ನು ತೋಳಿಗೆ ಕಟ್ಟಿ, ಒತ್ತಡವನ್ನು 200ರವರೆಗೆ ಏರಿಸಿ ಐದು ನಿಮಿಷ ರಕ್ತ ತಡೆಯುತ್ತಾರೆ, ಐದು ನಿಮಿಷ ಬಿಡುತ್ತಾರೆ. ಹೀಗೆ ಐದು ಸುತ್ತು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ತೋಳಿಗೆ ರಕ್ತ ತಪ್ಪಿದಾಗ ನರಗಳ ಮೂಲಕವೂ ರಕ್ತದ ಮೂಲಕವೂ ಹೊರಡುವ ಸಂಕೇತಗಳು ಮಿದುಳನ್ನು ಕಾಯಬಹುದು ಎಂಬ ಊಹೆ ಇದರ ಹಿಂದಿದೆ.

ಊಹೆ ಎಂದೇ ಹೇಳುತ್ತೇನೆ, ಯಾಕೆಂದರೆ ಸಾಕ್ಷ್ಯ ಎರಡು ಕಡೆ ಎಳೆಯುತ್ತಿದೆ. ಚೀನಾದ 55 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆರಡು ಬಾರಿ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಶೇ 67.4 ಮಂದಿ ಮೂರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡರು. ಕಟ್ಟಿಸಿಕೊಳ್ಳದವರಲ್ಲಿ ಶೇ 62. ಮರುವರ್ಷ ಡೆನ್ಮಾರ್ಕಿನಿಂದ ಬಂದ ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಆಂಬುಲೆನ್ಸಿನಲ್ಲೇ ಚಿಕಿತ್ಸೆ ಶುರುಮಾಡಿದ್ದರು, ಉಳಿದವರಿಗೆ ಹೆಸರಿಗಷ್ಟೇ ಗಾಳಿ ತುಂಬಿದ ಪಟ್ಟಿ ಕಟ್ಟಿದ್ದರು. ಚೀನಾದಲ್ಲಿ ಹಾಗೆ ಕಟ್ಟಿರಲಿಲ್ಲ, ಹಾಗಾಗಿ ಅಲ್ಲಿನ ಚೇತರಿಕೆಯಲ್ಲಿ 'ನನಗೆ ಚಿಕಿತ್ಸೆ ಸಿಕ್ಕಿದೆ' ಎಂಬ ನಂಬಿಕೆಯ ಪಾಲು ಎಷ್ಟೆಂದು ಹೇಳಲಾಗದು. ಚೀನಾದವರು ಆರಿಸಿಕೊಂಡದ್ದು ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆಯದ ರೋಗಿಗಳನ್ನು. ನಮ್ಮಲ್ಲಿ ತಡವಾಗಿ ಬರುವವರದ್ದೂ ಅದೇ ಸ್ಥಿತಿ. ನನ್ನ ಆಸೆಗೆ ಕಾರಣ ಅದು.

ಹೃದಯಾಘಾತಕ್ಕೆ ಸರ್ಕಾರ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವಕ್ಕೆ ಜೋಡಿಸಿ 'ಹೃದಯ ಜ್ಯೋತಿ' ತಂದಿತು. ಅಲ್ಲಿ ಕೊಡುವ ಹೆಪ್ಪು ಕರಗಿಸುವ ಔಷಧಿಯ ಗುಣ ಮೊದಲೇ ಸಾಬೀತಾಗಿತ್ತು. ಇಲ್ಲಿ ಆಗಿಲ್ಲ. ಆದ್ದರಿಂದ ಪಟ್ಟಿ ಹಂಚುವ ಸಮಾರಂಭ ಬೇಡ. ಡಬ್ಬಿಯ ಮೇಲೆ ಯಾರ ಫೋಟೊ ಎಂಬ ಚರ್ಚೆಯೂ ಸದ್ಯಕ್ಕೆ ಬೇಡ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ನಿಮ್ಹಾನ್ಸ್ ತಜ್ಞರ ಮಾರ್ಗದರ್ಶನದಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು ಒಂದು ಸರಿಯಾದ ಪರೀಕ್ಷೆಗೆ ಹಣ ಕೊಡಿ. ಡೆನ್ಮಾರ್ಕಿನ ಹಾಗೆ ಹುಸಿ ಪಟ್ಟಿಯ ಗುಂಪೂ ಇರಲಿ. ಮೂರು ತಿಂಗಳ ನಂತರ ರೋಗಿ ತಾನೇ ಸ್ನಾನ ಮಾಡುತ್ತಾರೆಯೇ, ಬಚ್ಚಲಿಗೆ ಒಬ್ಬರೇ ಹೋಗುತ್ತಾರೆಯೇ ಎಂದು ನೋಡಲು ಮನೆಗೆ ಹೋಗಿ ಬರುವ ಸಿಬ್ಬಂದಿಗೂ ಸಂಬಳ ಬೇಕು. ಯಂತ್ರಕ್ಕೆ ದುಡ್ಡು ಕೊಟ್ಟು ಇದನ್ನು ಮರೆತರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಗಾಬರಿಯಲ್ಲಿರುವ ಮನೆಯವರಿಗೆ 'ಇಲ್ಲಿ ಸೈನ್ ಹಾಕಿ' ಎನ್ನುವ ಬದಲು ಓದಿ ಹೇಳಲಿ, ಬೇಡ ಎನ್ನುವ ಹಕ್ಕೂ ಅವರಿಗಿದೆ ಎಂದು ತಿಳಿಸಲಿ.

ಪಟ್ಟಿಯಿಂದ ಪ್ರಯೋಜನವಿಲ್ಲ ಎಂದು ಗೊತ್ತಾದರೂ ಫಲಿತಾಂಶ ಪ್ರಕಟಿಸಲೇಬೇಕು ಎಂಬ ಷರತ್ತನ್ನು ಅನುದಾನದ ಆದೇಶದಲ್ಲೇ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಫಿಸಿಯೋಥೆರಪಿಸ್ಟ್