ಡಬಲ್ಸ್ ಆಟಕ್ಕೂ ಜಾಗ ಕೊಡಿ

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ನಿವೃತ್ತಿಯ ವರದಿ ಓದಿದಾಗ, ಡಬಲ್ಸ್ (ಇಬ್ಬರು ಜೊತೆಯಾಗಿ ಆಡುವ) ಆಟಗಾರರನ್ನು ಅವರು ಗೆದ್ದಾಗ ಮತ್ತು ವಿದಾಯ ಹೇಳಿದಾಗ ಮಾತ್ರ ನಾವು ನೆನೆಯುತ್ತೇವೆ ಎನಿಸಿತು. 2010ರಲ್ಲಿ ಪಾಕಿಸ್ತಾನದ ಖುರೇಷಿ ಜೊತೆಗೂಡಿ ಅಮೆರಿಕ ಓಪನ್ ಫೈನಲ್‌ನಲ್ಲಿ ಸೋತ ಅವರು ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 2024ರಲ್ಲಿ, ಮೆಲ್ಬರ್ನ್‌ನ ಆಸ್ಟ್ರೇಲಿಯಾ ಓಪನ್‌ನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ. ಆಗ ವಯಸ್ಸು 43! ಅದರ ಬೆನ್ನಲ್ಲೇ ಪುರುಷರ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎನಿಸಿದರು. ನಡುವಿನ ಹದಿನಾಲ್ಕು ವರ್ಷಗಳ ಸೋಲು, ಮಂಡಿನೋವು, ಜೊತೆಗಾರರ ಬದಲಾವಣೆ ಎಲ್ಲವೂ ಪತ್ರಿಕೆಗಳ ಮೂಲೆಯಲ್ಲಿ ಒಂದು ಸಾಲಿನ ಫಲಿತಾಂಶವಾಗಿ (ಕೆಲವೊಮ್ಮೆ ಅದೂ ಇಲ್ಲ) ಮುಗಿದುಹೋದವು. ಕ್ರೀಡಾಪುಟದಲ್ಲಿ ವಾರಕ್ಕೊಮ್ಮೆಯಾದರೂ ಡಬಲ್ಸ್ ಆಟದ ವಿಶ್ಲೇಷಣೆಗೆ ಕಾಲು ಪುಟ ಮೀಸಲಿಡಿ.

– ಟೆನಿಸ್ ಪ್ರೇಮಿ, ಮಡಿಕೇರಿ