ಹಿಮಕ್ಕೆ ಬಣ್ಣ ಬಳಿದಿಲ್ಲ

ಪ್ರೀತಿಯ ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ಊರಮನೆ ಬಿಡುವ ದಿನ ಅಜ್ಜಿ ಒಲೆ ಸಾರಿಸಿ ಹೊರಡುತ್ತಾಳಲ್ಲ, ಅಲ್ಲಿ ನನ್ನ ಗಂಟಲು ಕಟ್ಟಿತು. ಆದರೆ ಮುಂದಿನ ಪುಟದಲ್ಲಿ ಅವಳ ಸಂಕಟ ಎಷ್ಟು ದೊಡ್ಡದು ಅಂತ ನೀನೇ ಹೇಳಲು ಹೊರಟೆ. ನನ್ನ ಪಾಲಿಗೆ ಏನೂ ಉಳಿಯಲಿಲ್ಲ.

ಈ ಪತ್ರದ ಜೊತೆ ಒಂದು ಚಿತ್ರ ಇಟ್ಟಿದ್ದೇನೆ. ಜಪಾನಿನ ಕವಾಸೆ ಹಸುಯಿ ಅವರ 1925ರ ಮರದಚ್ಚಿನ ಚಿತ್ರ. ಟೋಕಿಯೋದ ಶಿಬಾದಲ್ಲಿರುವ ಜೋಜೋಜಿ ಅನ್ನೋ ಬೌದ್ಧ ದೇಗುಲ. ಕೆಂಪು ಹೆಬ್ಬಾಗಿಲು, ಹಿಮ ಹೊತ್ತ ಪೈನ್ ಮರ, ಕೊಡೆ ಬಾಗಿಸಿ ಹಿಡಿದ ಒಬ್ಬ ಹೆಂಗಸು. ಅವಳ ಮುಖವೇ ಕಾಣುವುದಿಲ್ಲ. ಆದರೂ ಕೊಡೆ ವಾಲಿದ ರೀತಿ ನೋಡಿದರೆ ಸಾಕು, ಗಾಳಿ ಎಷ್ಟು ಜೋರಿದೆ ಅಂತ ತಿಳಿಯುತ್ತದೆ, ಅಲ್ವಾ?

ಈಗ ಹೆಬ್ಬಾಗಿಲಿನ ಮುಂದೆ ಬೀಳುತ್ತಿರುವ ಒಂದೇ ಒಂದು ಹಿಮದ ಚುಕ್ಕೆ ನೋಡು. ಈ ಕಲೆಯಲ್ಲಿ ಹೆಚ್ಚಾಗಿ ಹಿಮಕ್ಕೆ ಬಿಳಿ ಬಣ್ಣ ಬಳಿಯುವುದಿಲ್ಲ. ಕಾಣುವ ಬಿಳುಪು ಬರೀ ಕಾಗದದ್ದು. ಹಾಗಂತ ಸುಮ್ನೆ ಬಿಟ್ಟ ಜಾಗವೂ ಅಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತಬೇಕು. ಆ ಚುಕ್ಕೆ ಇರುವ ಕಡೆ ಕೆಂಪಿನ ಹಲಗೆಯಲ್ಲೂ ಮರ ತೆಗೆಯಬೇಕು, ಬೂದು ಬಣ್ಣದ್ದರಲ್ಲೂ ತೆಗೆಯಬೇಕು. ಒಂದು ಹಲಗೆಯಲ್ಲಿ ಮರೆತರೂ ಅಲ್ಲಿ ಬಣ್ಣ ಕೂರುತ್ತದೆ, ಹಿಮ ಹೋಯಿತು. 1953ರಲ್ಲಿ ಹಸುಯಿ ಅದೇ ದೇಗುಲದ ಹಿಮವನ್ನು ಇನ್ನೊಮ್ಮೆ ಮಾಡಿದರು. ಈ ಕಸುಬು ಅಳಿಯಬಾರದು ಅಂತ ಸರ್ಕಾರವೇ ಮಾಡಿಸಿದ ಕೆಲಸ ಅದು. ಆ ಚಿತ್ರಕ್ಕೆ 42 ಸಲ ಅಚ್ಚೊತ್ತಿದರು. ಬಿಳಿ ಬೇಕಾದ ಜಾಗವನ್ನು ಅಷ್ಟೂ ಸಲ ಕಾಯಬೇಕು!

ನಿನ್ನ ಕತೆಯಲ್ಲಿ ಅಜ್ಜಿಯ ಸಂಕಟ ಹೇಳುವ ಆ ಪುಟ ಹೊಡೆದುಹಾಕಿದರೆ ಮುಗಿಯಿತು ಅಂದುಕೊಳ್ಳಬೇಡ. ಉಳಿದ ಕಡೆಯೂ ಪಕ್ಕದ ಮನೆಯಾಕೆ 'ಪಾಪ' ಅನ್ನುತ್ತಾಳೆ. ಬಸ್ ಕಂಡಕ್ಟರ್ ಕನಿಕರದಿಂದ ನೋಡುತ್ತಾನೆ. ಆಕಾಶ ಬೇರೆ ಮೋಡ ಕಟ್ಟಿಕೊಳ್ಳುತ್ತದೆ. ಎಲ್ಲ ಹಲಗೆಗಳಿಂದಲೂ ಅದೇ ಜಾಗಕ್ಕೆ ಬಣ್ಣ ಸೋರುತ್ತಿದೆ.

ಇನ್ನೊಂದು ವಿಷಯ. 1923ರಲ್ಲಿ ಟೋಕಿಯೋದಲ್ಲಿ ಆದ ಭೂಕಂಪದ ಬೆಂಕಿಯಲ್ಲಿ ಹಸುಯಿ ಅವರ ಸ್ಕೆಚ್ ಪುಸ್ತಕಗಳು ಸುಟ್ಟುಹೋದವು. ಅವರ ಪ್ರಕಾಶಕ ವತನಬೆ ಶೋಜಬುರೊ ಅವರ ಹಲಗೆಗಳೂ ಉಳಿಯಲಿಲ್ಲ. ಅದಾದ ಎರಡು ವರ್ಷಕ್ಕೆ ಬಂದ ಚಿತ್ರ ಇದು. ಇದರಲ್ಲಿ ಬೂದಿಯಿಲ್ಲ, ಅಳು ಇಲ್ಲ. 1622ರಲ್ಲಿ ಕಟ್ಟಿದ ಆ ಹೆಬ್ಬಾಗಿಲು ಮಾತ್ರ ಹಿಮದಲ್ಲಿ ನಿಂತಿದೆ. ಅದು ಉಳಿದುಕೊಂಡಿತಲ್ಲ ಅಂತ ನೆನಪಾಗದೆ ನನಗೆ ಈ ಚಿತ್ರ ನೋಡಲು ಆಗುವುದೇ ಇಲ್ಲ.

ಆ ಕೆಂಪು ಅಷ್ಟು ಗಟ್ಟಿಯಾಗಿರುವುದಕ್ಕೇ ಬಿಳಿ ಎದ್ದು ಕಾಣುತ್ತದೆ. ನಿನ್ನಲ್ಲಿ ಆ ಕೆಂಪು ಅಂದರೆ ಒಲೆ. ಅದನ್ನು ಜಾಸ್ತಿ ಬರಿ. ಬೂದಿ ಎಲ್ಲಿ ಚೆಲ್ಲಿದಳು? ಸಗಣಿ ಯಾರ ಕೊಟ್ಟಿಗೆಯಿಂದ ತಂದಳು? ಸಾರಿಸಿದ ಮೇಲೆ ಒಣಗುವ ತನಕ ಕಾದಳಾ, ಇಲ್ಲಾ ಹಸಿಯಿರುವಾಗಲೇ ಬಾಗಿಲು ಎಳೆದುಕೊಂಡಳಾ? ಅಷ್ಟು ಬರೆದು ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಕ್ಕ