ಫಿಡಲ್‌ನವಳು ಬಿಟ್ಟು ಹೋದರೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸಿಕ್ಕಿತು. ಬಾಡಿಗೆ, ನಿನ್ನ ಹಗಲಿನ ಕೆಲಸ, ಅಪ್ಪನ ಸಿಟ್ಟು, ಇದೆಲ್ಲ ಮನೆಯವರಿಗೆ ಗೊತ್ತಿರುವುದೇ. ಕೆದಕುವುದಿಲ್ಲ. ಆದರೆ ಅವಳ ಫಿಡಲ್‌ಗೆ ನೀನು ಲ್ಯಾಪ್‌ಟಾಪಿನಿಂದ ಬೀಟ್ ಕೂಡಿಸುವ ನಿಮ್ಮ ಬ್ಯಾಂಡ್ ಬಗ್ಗೆ ಕೊನೆಯಲ್ಲಿ ಗೀಚಿದ್ದೀಯಲ್ಲ, ‘ಫಿಡಲ್‌ನವಳು ಬಿಡ್ತಾಳಂತೆ ಮಾಮ, ಇನ್ನು ಉಳಿಯೋದು ನಾನು, ನನ್ನ ಲ್ಯಾಪ್‌ಟಾಪ್, ಅದನ್ನ ಯಾರು ಬ್ಯಾಂಡ್ ಅಂತಾರೆ’ ಅಂತ, ಅದು ನನ್ನ ನಿದ್ದೆ ಕೆಡಿಸಿದೆ.

ಮೌತ್ ಮ್ಯೂಸಿಕ್ ಕೇಳಿದ್ದೀಯಾ? ನೀನು ಹುಟ್ಟುವ ಮೊದಲಿನದು. ಇಬ್ಬರೇ ಇಬ್ಬರ ಬ್ಯಾಂಡ್. ವಾದ್ಯ ಇಲ್ಲದಾಗಲೂ ಜನ ಕುಣಿಯಲಿ ಅಂತ ಬಾಯಲ್ಲೇ ಹಾಡುತ್ತಿದ್ದ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಹಾಡುಗಳನ್ನು ಟಲಿತಾ ಮೆಕೆಂಜಿ ಹಾಡಿದರು, ಅದಕ್ಕೆ ಮಾರ್ಟಿನ್ ಸ್ವಾನ್ ಸಿಂಥ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ, ಬೀಟ್ ಎಲ್ಲ ಕೂಡಿಸಿದರು. ಮೊದಲ ಆಲ್ಬಮ್ ಆದ ಮೇಲೆ ಆಕೆ ಹೊರಟುಹೋದರು. ಉಳಿದದ್ದು ಯಾರು ಹೇಳು? ನಿನ್ನ ಹಾಗೆ ಯಂತ್ರದ ಹಿಂದೆ ಕೂತವರೇ. ಸ್ವಾನ್ ಬೇರೆ ಗಾಯಕಿಯರನ್ನು ಕರೆತಂದು ಅದೇ ಹೆಸರಲ್ಲಿ ಮುಂದುವರಿಸಿದರು. 1993ರಲ್ಲಿ ಬಂದ ಆಲ್ಬಮ್ ಮೊದಲಿನ ಹಾಗಿಲ್ಲ, ನಿಜ. ನನಗೂ ಹಳೆಯದೇ ಜಾಸ್ತಿ ಇಷ್ಟ. ಆದರೂ ಅದು ಬ್ಯಾಂಡೇ ಅಲ್ವಾ?

ನಾನು ಇಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬಂದ ಹೊಸದರಲ್ಲಿ ಭಾನುವಾರ ಕೆಲವರು ಸೇರಿ ದೇವರನಾಮ ಹಾಡುತ್ತಿದ್ದೆವು. ಹಾರ್ಮೋನಿಯಂ ನನ್ನದು. ತಬಲಾದವನಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಅವನಿಲ್ಲದೆ ಏನು ಮಜಾ ಅಂತ ಒಂದು ವಾರ ಬಿಟ್ಟೆವು, ಆಮೇಲೆ ಹಿಮ ಅಂತ, ಆಮೇಲೆ ನೈಟ್ ಡ್ಯೂಟಿ ಅಂತ. ನಿಲ್ಲಿಸೋಣ ಅಂತ ಯಾರೂ ಹೇಳಲೇ ಇಲ್ಲ. ಅದೇ ಈಗಲೂ ಕೊರೆಯುತ್ತದೆ, ಕೊನೆಯ ಸಲ ಏನು ಹಾಡಿದೆವು ಅನ್ನುವುದೂ ನೆನಪಿಲ್ಲ.

ಫಿಡಲ್‌ನ ನಿನ್ನ ಗೆಳತಿ ಊರು ಬಿಡುತ್ತಿದ್ದಾಳೆ ಅಷ್ಟೇ. 1990ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಶೂಗಲ್‌ನಿಫ್ಟಿ ನೋಡು. ಆಂಗಸ್ ಗ್ರಾಂಟ್ ಅವರ ಫಿಡಲೇ ಆ ಬ್ಯಾಂಡಿನ ಮುಖ. 2016ರಲ್ಲಿ, ಇನ್ನೂ ಐವತ್ತು ಆಗಿರಲಿಲ್ಲ, ತೀರಿಹೋದರು. ಮುಗೀತು ಅಂದುಕೊಂಡೆ. ಉಳಿದವರು ರಾಜಸ್ಥಾನದ ಸಂಗೀತಗಾರರ ಜೊತೆ ಮಾಡಿದ್ದ ಕೆಲಸವನ್ನು 2018ರಲ್ಲಿ ಆಲ್ಬಮ್ ಮಾಡಿ ತಂದರು. ಫಿಡಲ್‌ಗೆ ಏಲಿ ಶಾ ಬಂದರು. ಸ್ಕೈ ದ್ವೀಪದ ಪೀಟ್‌ಬಾಗ್ ಫೇರೀಸ್ ಬ್ಯಾಂಡಿನಲ್ಲಂತೂ ಫಿಡಲ್‌ನವರು ಬದಲಾಗುತ್ತಲೇ ಇದ್ದರು, ಬ್ಯಾಗ್‌ಪೈಪಿನ ಪೀಟರ್ ಮಾರಿಸನ್, ಬೇಸ್‌ನ ಇನ್ನೆಸ್ ಹಟನ್ ಕದಲಲಿಲ್ಲ.

ಸರಿ, ನಿಜವಾಗಲೂ ಲ್ಯಾಪ್‌ಟಾಪ್ ಒಂದೇ ಉಳಿದರೆ? ಸ್ಕಾಟ್ಲೆಂಡಿನ ಸಂಗೀತಗಾರ ಮಾರ್ಟಿನ್ ಬೆನೆಟ್‌ಗೆ ಹಾಗೇ ಆಯಿತು. ಬ್ಯಾಗ್‌ಪೈಪ್, ಫಿಡಲ್ ಎರಡರಲ್ಲೂ ಗಟ್ಟಿಗ. ಕಾಯಿಲೆಯಿಂದ ನುಡಿಸುವುದಕ್ಕೇ ಆಗದ ಹಾಗಾಯಿತು. ಆಗ ಅಲೆಮಾರಿ ಸಮುದಾಯದ ಮತ್ತು ಗೇಲಿಕ್ ಹಾಡುಗಾರರ ಹಳೇ ಧ್ವನಿಮುದ್ರಣಗಳಿಗೆ ಯಂತ್ರದ ಬೀಟ್ ಹೆಣೆದು 2003ರಲ್ಲಿ ‘ಗ್ರಿಟ್’ ತಂದರು. 2005ರಲ್ಲಿ 33ಕ್ಕೇ ಹೋದರು. ಹತ್ತು ವರ್ಷದ ನಂತರ ಗ್ಲಾಸ್ಗೋದ ಸೆಲ್ಟಿಕ್ ಕನೆಕ್ಷನ್ಸ್ ಸಂಗೀತೋತ್ಸವದಲ್ಲಿ ಅದನ್ನೇ ದೊಡ್ಡ ಆರ್ಕೆಸ್ಟ್ರಾ ನುಡಿಸಿತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಅಂಥ ಕಷ್ಟ ಯಾರಿಗೂ ಬೇಡ. ಒಬ್ಬರೇ ಉಳಿದರೂ ಕೆಲಸ ಇರುತ್ತದೆ ಅಂತ ಅಷ್ಟೇ.

ಬುದ್ಧಿವಾದ ಅಂತ ಏನು ಹೇಳಲಿ, ನನಗೆ ನಿಮ್ಮ ವ್ಯವಹಾರ ಅಷ್ಟಕ್ಕಷ್ಟೇ. ಅವಳು ಹೋಗುವ ಮೊದಲು ಅವಳ ಟ್ಯೂನ್‌ಗಳನ್ನು ಬೀಟ್ ಇಲ್ಲದೆ, ಬರೀ ಫಿಡಲ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೋ. ಯಾವ ಟ್ಯೂನ್ ಯಾರದು ಅಂತ, ಟ್ಯೂನ್ ಕಟ್ಟಿದವರಿಗೆ ರಾಯಲ್ಟಿ ಹಂಚುವ ಪಿಆರ್‌ಎಸ್ ಸಂಸ್ಥೆಯಲ್ಲಿ ಸರಿಯಾಗಿ ಬರೆಸಿ, ಸ್ನೇಹ ಇರುವಾಗಲೇ. ಹೊಸಬರು ಬಂದರೆ ಅವಳ ಹಾಗೆ ನುಡಿಸು ಅಂತ ಕಾಡಬೇಡ. ಲ್ಯಾಪ್‌ಟಾಪಿನಲ್ಲಿ ಮತ್ತೆ ಮತ್ತೆ ಬರುವ ನಿನ್ನ ಲೂಪ್ ಒಂದೇ ವೇಗದಲ್ಲಿ ಓಡುತ್ತದೆ, ಅದಕ್ಕೆ ಹೊಂದಿಕೊಳ್ಳುವುದೇ ಅವರಿಗೆ ಸಾಕಷ್ಟು ಕಷ್ಟ. ನಿಲ್ಲಿಸಲೇಬೇಕು ಅನ್ನಿಸಿದರೆ ಒಂದು ಕೊನೆಯ ಕಾರ್ಯಕ್ರಮ ಇಟ್ಟು, ಜನರಿಗೆ ಹೇಳಿ ನಿಲ್ಲಿಸಿ. ನಮ್ಮ ಹಾಗೆ ಸುಮ್ನೆ ಕರಗಿಹೋಗಬೇಡಿ.

ಮುಂದಿನ ಕಾರ್ಯಕ್ರಮ ಯಾವತ್ತು ಅಂತ ತಿಳಿಸು. ನೀನೊಬ್ಬಳೇ ಇದ್ದರೂ ಬರುತ್ತೇನೆ. ಪುಕ್ಕಟೆ ಪಾಸ್ ಕಳಿಸಬೇಡ, ಟಿಕೆಟ್ ಕೊಂಡೇ ಬರುತ್ತೇನೆ.

ನಿನ್ನ
ಮಾಮ